ಬೀದಿಯ ಬೆಕ್ಕಿನಮರಿ ಮನೆಗೆ ಬಂದರೆ: ಬಳ್ಳಾರಿಯವರಿಗೊಂದು ಮಾರ್ಗದರ್ಶಿ

ಬೀದಿಯಿಂದ ಎತ್ತಿ ತಂದ ಬೆಕ್ಕಿನಮರಿಗೆ ಮೊದಲ ದಿನ ನಾವು ಪ್ರೀತಿಯಿಂದಲೇ ಮೂರು ಕೆಲಸ ಮಾಡುತ್ತೇವೆ. ಬಟ್ಟಲು ತುಂಬ ಹಸುವಿನ ಹಾಲು ಇಡುತ್ತೇವೆ. ಮೈ ಕೊಳೆಯಾಗಿದೆ ಅಂತ ನಲ್ಲಿ ಕೆಳಗೆ ಹಿಡಿದು ತೊಳೆಯುತ್ತೇವೆ. ಓಣಿಯ ಮಕ್ಕಳೆಲ್ಲ ಕೈಯಿಂದ ಕೈಗೆ ದಾಟಿಸಿ ಆಡಿಸಲು ಬಿಡುತ್ತೇವೆ. ಹಾಲಿನಿಂದ ಭೇದಿ ಹತ್ತುತ್ತದೆ, ಸ್ನಾನದಿಂದ ಮೈ ತಣ್ಣಗಾಗುತ್ತದೆ, ಗದ್ದಲದಿಂದ ಮರಿ ಹೆದರಿ ತಿನ್ನುವುದನ್ನೇ ಬಿಡುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಜೀವ ಸೋತು ಮಲಗಲು ಈ ಮೂರರಲ್ಲಿ ಒಂದು ಸಾಕು.

ಮೊದಲ ವಾರ ಅವಸರ ಬೇಡ. ಮೊದಲು ಬೆಚ್ಚಗಿನ ಜಾಗ, ಆಮೇಲೆ ಸರಿಯಾದ ಊಟ, ಆಮೇಲೆ ಡಾಕ್ಟರ್, ಕೊನೆಗೆ ಆಟ ಮತ್ತು ಮುದ್ದು. ಈ ಕ್ರಮ ತಪ್ಪದಿದ್ದರೆ ಮರಿ ಉಳಿಯುವ ಸಾಧ್ಯತೆ ಬಹಳ ಹೆಚ್ಚುತ್ತದೆ. ಬಳ್ಳಾರಿಯಂಥ ಊರಿನಲ್ಲಿ ಇದಕ್ಕೆ ಇನ್ನೂ ಮೂರು ಸಂಗತಿ ಸೇರುತ್ತವೆ: ಬಿಸಿಲು, ಮನೆಮನೆಯ ನೀರಿನ ಡ್ರಮ್ಮು, ಹೊಲಿಗೆಯ ದಾರ. ಅವುಗಳ ವಿಷಯ ಮುಂದೆ ಹೇಳುತ್ತೇನೆ.

ಎತ್ತಿಕೊಳ್ಳುವ ಮುಂಚೆ ತಾಯಿ ಇದೆಯಾ ನೋಡಿ

ಕಟ್ಟುತ್ತಿರುವ ಮನೆಯ ಮೂಲೆಯಲ್ಲಿ, ಜಲ್ಲಿ ಗುಡ್ಡೆಯ ಹಿಂದೆ, ಅಂಗಡಿಯ ಶಟರ್ ಪಕ್ಕದಲ್ಲಿ ಮರಿ ಕಂಡ ಕೂಡಲೇ ಅದು ಅನಾಥ ಅಂತ ತೀರ್ಮಾನ ಮಾಡಬೇಡಿ. ತಾಯಿಬೆಕ್ಕು ಆಹಾರ ಹುಡುಕಿಕೊಂಡು ಹೋಗಿ ಗಂಟೆಗಟ್ಟಲೆ ಬರದೇ ಇರಬಹುದು. ಜಾಗ ಬದಲಿಸುವಾಗ ಅದು ಒಂದೊಂದೇ ಮರಿಯನ್ನು ಬಾಯಲ್ಲಿ ಹಿಡಿದು ಸಾಗಿಸುತ್ತದೆ. ಆಗ ನಡುವೆ ಒಂದು ಮರಿ ಸ್ವಲ್ಪ ಹೊತ್ತು ಒಂಟಿಯಾಗಿ ಉಳಿಯುತ್ತದೆ.

ಮರಿಯ ಹೊಟ್ಟೆ ತುಂಬಿ, ಮೈ ಒಣಗಿ ಚೊಕ್ಕಟವಾಗಿದ್ದು, ಸುಮ್ಮನೆ ಮಲಗಿದ್ದರೆ ತಾಯಿ ಹತ್ತಿರದಲ್ಲೇ ಇರುತ್ತದೆ. ದೂರ ನಿಂತು ನೋಡಿ. ನೀವು ಪಕ್ಕದಲ್ಲೇ ಕುಳಿತರೆ ಅದು ಬರುವುದಿಲ್ಲ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸಿಕೊಳ್ಳುವುದಿಲ್ಲ ಅನ್ನುತ್ತಾರಲ್ಲ, ಅದು ನಿಜವಲ್ಲ. ಬಿಸಿಲಿಗೆ ಬಿದ್ದ ಮರಿಯನ್ನು ಪಕ್ಕದ ನೆರಳಿಗೆ ಸರಿಸಿಟ್ಟರೂ ತಾಯಿ ಹುಡುಕಿಕೊಂಡು ಬರುತ್ತದೆ. ತಾಯಿ ಇದೆ ಅಂತ ಗೊತ್ತಾದರೆ ತಾಯಿಗೇ ಊಟ, ನೀರು ಇಡಿ. 8 ವಾರದ ತನಕ ಮರಿ ಅದರ ಜೊತೆ ಬೆಳೆಯಲಿ. ಯಾವ ಪುಡಿ ಹಾಲೂ ತಾಯಿ ಹಾಲಿಗೆ ಸಾಟಿಯಲ್ಲ.

ಆದರೆ ಮರಿಯ ಮೈ ತಣ್ಣಗಿದ್ದರೆ, ಇರುವೆ ಮುತ್ತಿದ್ದರೆ, ಚರಂಡಿಗೆ ಬಿದ್ದು ಒದ್ದೆಯಾಗಿದ್ದರೆ, ನಾಯಿಗಳು ಸುತ್ತುತ್ತಿದ್ದರೆ ಕಾಯಬೇಡಿ. ಬಟ್ಟೆಯಲ್ಲಿ ಸುತ್ತಿ ಎತ್ತಿಕೊಳ್ಳಿ. ಸ್ವಲ್ಪ ದೊಡ್ಡ ಮರಿಯಾದರೆ ಹೆದರಿ ಕಚ್ಚಬಹುದು, ಹಾಗಾಗಿ ಬರಿಗೈ ಬೇಡ, ದಪ್ಪ ಟವೆಲ್ ಇರಲಿ. ಎರಡು ಮರಿ ಒಟ್ಟಿಗೆ ಸಿಕ್ಕರೆ ಎರಡನ್ನೂ ತನ್ನಿ. ಒಂದಕ್ಕೊಂದು ಬೆಚ್ಚಗಾಗಿ, ಒಂದರ ಜೊತೆ ಒಂದು ಆಡಿಕೊಂಡು ಬೆಳೆಯುತ್ತವೆ. ನಿಮಗೂ ಕೆಲಸ ಕಡಿಮೆ.

ವಯಸ್ಸು ಗೊತ್ತಾಗದೆ ಊಟ ಕೊಡಬೇಡಿ

ಮುಂದಿನ ಎಲ್ಲಾ ತೀರ್ಮಾನ ವಯಸ್ಸಿನ ಮೇಲೆ ನಿಂತಿದೆ. ಕಣ್ಣು ಪೂರ್ತಿ ಮುಚ್ಚಿದ್ದರೆ ಮರಿ ಹುಟ್ಟಿ ಒಂದು ವಾರ ಆಗಿರಬಹುದು ಅಷ್ಟೇ. ಕಣ್ಣು ತೆರೆಯುವುದು 7ರಿಂದ 14 ದಿನದೊಳಗೆ. ಕಿವಿ ನೆಟ್ಟಗೆ ನಿಂತಿದ್ದರೆ ಸುಮಾರು 3 ವಾರ. ಮುಂಭಾಗದಲ್ಲಿ ಅಕ್ಕಿನುಚ್ಚಿನಷ್ಟು ಹಲ್ಲು ಕಂಡರೆ 3ರಿಂದ 4 ವಾರ. ಓಡುತ್ತಾ, ಹಾರುತ್ತಾ, ತಾನೇ ತಿನ್ನಲು ಬಾಯಿ ಹಾಕುತ್ತಿದ್ದರೆ 5–6 ವಾರ ದಾಟಿದೆ. ಕಣ್ಣಿನ ನೀಲಿ ಬಣ್ಣ ಬದಲಾಗಲು ಶುರುವಾಗುವುದು ಆರು, ಏಳನೇ ವಾರದ ಹೊತ್ತಿಗೆ. ಅದಕ್ಕೇ ನೀಲಿಗಣ್ಣು ನೋಡಿ ಇದು ಬೇರೆ ಜಾತಿಯ ಬೆಕ್ಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹುಟ್ಟಿದಾಗ ಮರಿ ಸುಮಾರು 100 ಗ್ರಾಂ ಇರುತ್ತದೆ. ಆಮೇಲೆ ವಾರಕ್ಕೆ ಹೆಚ್ಚುಕಡಿಮೆ 100 ಗ್ರಾಂ ಏರುತ್ತದೆ. ಬೀದಿಯ ಮರಿ ಹಸಿದಿರುವುದರಿಂದ ತೂಕ ಕಡಿಮೆಯೇ ಇರುತ್ತದೆ. ಹಾಗಾಗಿ ವಯಸ್ಸನ್ನು ಹಲ್ಲಿನಿಂದ ತಿಳಿಯಿರಿ, ಆರೋಗ್ಯವನ್ನು ತೂಕದಿಂದ ತಿಳಿಯಿರಿ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಡಬ್ಬಿಯಲ್ಲಿ ಕೂರಿಸಿ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಇಲ್ಲದಿದ್ದರೆ ಕಿರಾಣಿ ಅಂಗಡಿಯವರನ್ನು ಕೇಳಿ. ತೂಕ ಎರಡು ದಿನ ಏರದೆ ನಿಂತರೆ, ಇಲ್ಲವೇ ಇಳಿದರೆ, ಬೇರೆ ಯಾವ ಲಕ್ಷಣ ಕಾಣದಿದ್ದರೂ ಡಾಕ್ಟರ್ ಹತ್ತಿರ ಹೋಗಿ.

ಮೊದಲ ರಾತ್ರಿ

ಮನೆಯಲ್ಲಿ ಸದ್ದುಗದ್ದಲ ಇಲ್ಲದ ಒಂದು ಮೂಲೆ ಬೇಕು. ಇಡೀ ಮನೆ ತೆರೆದುಬಿಟ್ಟರೆ ಮರಿ ಬೀರುವಿನ ಹಿಂದೆ, ಫ್ರಿಜ್ಜಿನ ಕೆಳಗೆ ನುಸುಳಿ ಕೂರುತ್ತದೆ. ರಟ್ಟಿನ ದೊಡ್ಡ ಪೆಟ್ಟಿಗೆ ತನ್ನಿ, ಒಂದು ಬದಿ ತಗ್ಗಾಗಿ ಕತ್ತರಿಸಿ. ಒಳಗೆ ಹಳೆ ಕೌದಿ ತುಂಡು ಹಾಸಿ. ಕೌದಿ ಬೆಚ್ಚಗೂ ಇರುತ್ತದೆ, ಒಗೆಯಲೂ ಬರುತ್ತದೆ. ಹೊಲಿಗೆ ಬಿಚ್ಚಿ ದಾರ ನೇತಾಡುತ್ತಿದ್ದರೆ ಮಾತ್ರ ಕತ್ತರಿಸಿ ತೆಗೆಯಿರಿ.

4 ವಾರದೊಳಗಿನ ಮರಿಗೆ ತನ್ನ ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ. ಮಳೆಗಾಲ, ಚಳಿಗಾಲದಲ್ಲಿ ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದೇ ಬದಿಗೆ ಇಡಿ. ಇನ್ನೊಂದು ಬದಿ ಖಾಲಿ ಇರಲಿ. ಬಿಸಿ ಜಾಸ್ತಿಯಾದರೆ ಮರಿ ಸರಿದುಕೊಳ್ಳಬೇಕಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಹಗಲಿಗೆ ಬಾಟಲಿಯ ಮಾತೇ ಬೇಡ.

ಮರಿಯ ಮೈ ಮುಟ್ಟಿದರೆ ತಣ್ಣಗಿದೆ, ಕೈಕಾಲು ಜೋತುಬಿದ್ದಿವೆ ಅಂದರೆ ಆಗ ಹಾಲು ಕೊಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ತಣ್ಣಗಾದ ಮರಿಗೆ ಹಾಲು ಜೀರ್ಣವಾಗುವುದಿಲ್ಲ, ಶ್ವಾಸಕ್ಕೆ ಹೋಗಿ ಪ್ರಾಣ ಹೋಗಬಹುದು. ಎದೆಗೆ ಒತ್ತಿ ಹಿಡಿದು, ಮೇಲೆ ಶಾಲು ಹೊದ್ದು, ನಿಧಾನಕ್ಕೆ ಬೆಚ್ಚಗೆ ಮಾಡಿ. ಸ್ವಲ್ಪ ಚೇತರಿಸಿದ ಮೇಲೆ ವಸಡಿಗೆ ಒಂದೆರಡು ಹನಿ ಸಕ್ಕರೆ ನೀರು ಸವರಿ. ನುಂಗಲು ಶುರುಮಾಡಿದ ಮೇಲೆಯೇ ಹಾಲು. ಮೊದಲ ರಾತ್ರಿ ಮರಿ ಅಳುತ್ತದೆ. ಅಳುವ ಶಕ್ತಿ ಇರುವುದು ಒಳ್ಳೆಯ ಗುರುತು. ಅಳುತ್ತಿದ್ದ ಮರಿ ಏನೂ ತಿನ್ನದೆ ಇದ್ದಕ್ಕಿದ್ದಂತೆ ಸುಮ್ಮನಾಗಿ ಮೂಲೆ ಸೇರಿದರೆ ಎದ್ದು ಹೋಗಿ ನೋಡಿ.

ಹಾಲು ಮತ್ತು ಊಟ

ಹಸು, ಎಮ್ಮೆ ಹಾಲಿನಲ್ಲಿರುವ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಬಹಳ ಮರಿಗಳಿಗೆ ಒಗ್ಗುವುದಿಲ್ಲ. ಭೇದಿಯಾಗುತ್ತದೆ. ದೊಡ್ಡ ಬೆಕ್ಕಿಗೆ ಒಂದು ದಿನದ ಭೇದಿ ದೊಡ್ಡದಲ್ಲ, 300 ಗ್ರಾಂ ಮರಿಗೆ ಅದು ಜೀವದ ಪ್ರಶ್ನೆ. 'ನಮ್ಮಜ್ಜಿ ಹಾಲು ರೊಟ್ಟಿ ಹಾಕಿಯೇ ಹತ್ತು ಬೆಕ್ಕು ಸಾಕಿದ್ದರು' ಅಂತ ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಬೆಕ್ಕುಗಳು ಹಗೇವು, ಹಿತ್ತಲು, ಕಣಗಳಲ್ಲಿ ಇಲಿ ಹಿಡಿದು ತಿಂದು ಬದುಕುತ್ತಿದ್ದವು. ಹಾಲು ರೊಟ್ಟಿ ಮೇಲಿನ ಖರ್ಚಿಗೆ ಮಾತ್ರ. ಮನೆಯೊಳಗೇ ಇರುವ ಮರಿಗೆ ಇಲಿ ಸಿಗುವುದಿಲ್ಲ ಅಲ್ವಾ?

4 ವಾರದೊಳಗಿನ ಮರಿಗೆ ಬೇಕಾಗಿರುವುದು ಬೆಕ್ಕಿನಮರಿಗೆಂದೇ ತಯಾರಿಸಿದ ಹಾಲಿನ ಪುಡಿ. ಸಾಕುಪ್ರಾಣಿ ಸಾಮಾನಿನ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. ಡಬ್ಬಿಯ ಮೇಲೆ ಬರೆದ ಅಳತೆಗೇ ಕಲಸಿ. ನೀರು ಜಾಸ್ತಿ ಹಾಕಿ ಪುಡಿ ಉಳಿಸಬೇಡಿ. ಮಣಿಕಟ್ಟಿಗೆ ಒಂದು ಹನಿ ಬಿಟ್ಟರೆ ಉಗುರು ಬೆಚ್ಚಗೆ ಅನ್ನಿಸಬೇಕು. ಮೊದಲೆರಡು ವಾರ ಎರಡು ಮೂರು ಗಂಟೆಗೊಮ್ಮೆ ಕುಡಿಸಬೇಕು, ರಾತ್ರಿಯೂ ಬಿಡುವಿಲ್ಲ. ಮೂರನೇ ವಾರದಿಂದ ನಾಲ್ಕು ಗಂಟೆಗೊಮ್ಮೆ ಸಾಕು. 100 ಗ್ರಾಂ ತೂಕದ ಮರಿಯ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 4 ಮಿಲಿಲೀಟರ್. ಅದಕ್ಕಿಂತ ಜಾಸ್ತಿ ತುರುಕಬೇಡಿ. ಪುಡಿ ಕೈಗೆ ಸಿಗುವ ತನಕ ಒಂದು ದಿನದ ಮಟ್ಟಿಗೆ ಆಡಿನ ಹಾಲು ಹಸುವಿನ ಹಾಲಿಗಿಂತ ಪರವಾಗಿಲ್ಲ. ಆದರೆ ಅದರಲ್ಲೂ ಲ್ಯಾಕ್ಟೋಸ್ ಇದೆ. ಅದರ ಮೇಲೇ ವಾರಗಟ್ಟಲೆ ಸಾಕಲಾಗದು.

ಕುಡಿಸುವ ರೀತಿ ಬಹಳ ಮುಖ್ಯ. ಮಗುವನ್ನು ಮಲಗಿಸಿದ ಹಾಗೆ ಅಂಗಾತ ಹಿಡಿಯಬಾರದು. ತಾಯಿಯ ಹತ್ತಿರ ಮರಿ ಹೊಟ್ಟೆ ಕೆಳಗೆ ಮಾಡಿ ಮಲಗಿ ತಲೆ ಎತ್ತಿ ಕುಡಿಯುತ್ತದೆ. ನೀವೂ ಟವೆಲ್ ಮೇಲೆ ಹಾಗೇ ಮಲಗಿಸಿ. ಸೂಜಿ ತೆಗೆದ ಸಿರಿಂಜಿನಿಂದ ಬಾಯಿಯ ಪಕ್ಕದಿಂದ ಹನಿ ಹನಿಯಾಗಿ ಬಿಡಿ. ಮೂಗಿನಲ್ಲಿ ಹಾಲು ಬಂದರೆ ತಕ್ಷಣ ನಿಲ್ಲಿಸಿ ಮೂಗು ಒರೆಸಿ. 3 ವಾರದೊಳಗಿನ ಮರಿಗೆ ತಾನಾಗಿ ಮೂತ್ರ, ಮಲ ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುತ್ತದೆ. ಕುಡಿಸಿದ ಮೇಲೆ ಪ್ರತಿ ಸಲ ಬೆಚ್ಚನೆ ನೀರಿನಲ್ಲಿ ಅದ್ದಿದ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ತಿಕ್ಕಿ. ಇದನ್ನು ಮರೆತರೆ ಹೊಟ್ಟೆ ಉಬ್ಬಿ ಮರಿ ನರಳುತ್ತದೆ.

ನಾಲ್ಕನೇ ವಾರದಿಂದ ಗಟ್ಟಿ ಊಟದ ಅಭ್ಯಾಸ ಮಾಡಿಸಿ. ಚಪ್ಪಟೆ ತಟ್ಟೆಯಲ್ಲಿ ಅದೇ ಪುಡಿ ಹಾಲಿಗೆ ಬೆಕ್ಕಿನಮರಿಯ ಒಣ ಆಹಾರ ನೆನೆಸಿ, ಬೆರಳಿನಿಂದ ಕಿವುಚಿ ಗಂಜಿ ಮಾಡಿ ಇಡಿ. ಮೊದಲು ಅದರಲ್ಲಿ ಕಾಲಿಟ್ಟು ರಂಪ ಮಾಡುತ್ತದೆ. ಮಾಡಲಿ ಬಿಡಿ. ಕಾಲು ನೆಕ್ಕಿಕೊಳ್ಳುತ್ತಲೇ ತಿನ್ನಲು ಕಲಿಯುತ್ತದೆ. ಎಂಟನೇ ವಾರಕ್ಕೆ ಹಾಲು ಬಿಟ್ಟರೂ ನಡೆಯುತ್ತದೆ. ಆಮೇಲೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಿ. ಕುಡಿಯುವ ನೀರು ಯಾವಾಗಲೂ ಇರಲಿ.

ಬೆಕ್ಕು ಪೂರಾ ಮಾಂಸಾಹಾರಿ. ಟಾರಿನ್ ಅನ್ನುವ ಅಂಶ ಮಾಂಸ, ಮೀನಿನಿಂದಲೇ ಅದಕ್ಕೆ ಸಿಗಬೇಕು. ಅದು ತಪ್ಪಿದರೆ ಕಾಲಕ್ರಮೇಣ ಕಣ್ಣು, ಹೃದಯ ಎರಡೂ ಕೆಡುತ್ತವೆ. ನಮ್ಮೂರಲ್ಲಿ ಎಷ್ಟೋ ಮನೆಗಳಲ್ಲಿ ಮಾಂಸ ಒಳಗೆ ಬರುವುದಿಲ್ಲ. ಅಂಥ ಮನೆಯವರು ಬೆಕ್ಕು ಸಾಕಬಾರದು ಅಂತ ನಾನು ಹೇಳುವುದಿಲ್ಲ. ಪ್ಯಾಕೆಟ್ಟಿನ ಒಣ ಆಹಾರದಲ್ಲಿ ಟಾರಿನ್ ಸೇರಿಸಿರುತ್ತಾರೆ. ಅದನ್ನು ಬೇಯಿಸಬೇಕಿಲ್ಲ, ಅಡುಗೆಮನೆಗೆ ತರಬೇಕಿಲ್ಲ. ಹಿತ್ತಲಲ್ಲೋ ಮೆಟ್ಟಿಲ ಕೆಳಗೋ ಬೇರೆ ಡಬ್ಬಿ, ಬೇರೆ ತಟ್ಟೆ ಇಟ್ಟುಕೊಳ್ಳಬಹುದು. ಅಷ್ಟಕ್ಕೂ ಮನೆಯವರು ಒಪ್ಪದಿದ್ದರೆ ಒಪ್ಪುವ ಬೇರೆ ಮನೆ ಹುಡುಕಿ. ಮೊಸರನ್ನದ ಮೇಲೆ ಬೆಕ್ಕು ಬೆಳೆಸುವುದು ಅದಕ್ಕೆ ಮಾಡುವ ಅನ್ಯಾಯ.

ಮಾಂಸ ತಿನ್ನುವ ಮನೆಯಾದರೆ ಉಪ್ಪು, ಖಾರ, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ, ಮುಳ್ಳು ತೆಗೆದ ಮೀನು, ಬೆಂದ ಮೊಟ್ಟೆ ಕೊಡಬಹುದು. ಬೇಯಿಸಿದ ಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ, ಬೇಡ. ಸಾರಿನಲ್ಲಿ ಬೆಂದ ತುಂಡನ್ನು ತೊಳೆದು ಹಾಕುವುದೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೆಳಿಗ್ಗೆ ನೀವು ತಿನ್ನುವ ಮಂಡಕ್ಕಿ ಒಗ್ಗರಣೆಯನ್ನು ಮರಿ ಆಸೆಯಿಂದ ನೋಡಿದರೂ ಒಂದು ಹಿಡಿ ಹಾಕಬೇಡಿ, ಅದರಲ್ಲಿ ಈರುಳ್ಳಿ ಇರುತ್ತದೆ. ಚಾಕೊಲೇಟ್, ಒಣದ್ರಾಕ್ಷಿಯೂ ದೂರ ಇರಲಿ.

ಮನೆಯೊಳಗಿನ ಅಪಾಯಗಳು

ಬಳ್ಳಾರಿ ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಎಷ್ಟೋ ಮನೆಗಳ ಮುಂದಿನ ಕೋಣೆಯಲ್ಲಿ ಮಿಷನ್ ಓಡುತ್ತದೆ. ಕಟ್‌ಪೀಸ್ ಡೆನಿಮ್ ಬಟ್ಟೆ ಮರಿಗೆ ಒಳ್ಳೆಯ ಹಾಸಿಗೆ. ಆದರೆ ನೆಲದ ಮೇಲೆ ಬಿದ್ದ ದಾರ ಅಷ್ಟೇ ಕೆಟ್ಟದ್ದು. ಬೆಕ್ಕಿನ ನಾಲಿಗೆಯ ಮುಳ್ಳುಗಳು ಒಳಮುಖವಾಗಿವೆ. ಒಮ್ಮೆ ದಾರ ಬಾಯಿಗೆ ಹೋದರೆ ಉಗುಳಲು ಬಾರದೆ ನುಂಗುತ್ತಲೇ ಹೋಗುತ್ತದೆ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು, ಇನ್ನೊಂದು ತುದಿ ಕರುಳಿಗೆ ಇಳಿದರೆ ಕರುಳು ನೆರಿಗೆಯಾಗಿ ಕೊಯ್ದುಹೋಗುತ್ತದೆ. ಮರಿ ವಾಂತಿ ಮಾಡುತ್ತಾ, ತಿನ್ನುವುದನ್ನು ಬಿಟ್ಟಿದ್ದರೆ ನಾಲಿಗೆ ಎತ್ತಿ ನೋಡಿ. ಬಾಯಲ್ಲೋ ಹಿಂದೆಯೋ ದಾರದ ತುದಿ ಕಂಡರೆ ಯಾವ ಕಾರಣಕ್ಕೂ ಎಳೆಯಬೇಡಿ. ನೇರ ಡಾಕ್ಟರ್ ಹತ್ತಿರ ಒಯ್ಯಿರಿ. ಮಿಷನ್ ಇರುವ ಮನೆಯಲ್ಲಿ ಕೆಲಸ ಮುಗಿದ ಮೇಲೆ ಕಸ ಗುಡಿಸುವ ತನಕ ಮರಿಯನ್ನು ಆ ಕೋಣೆಗೆ ಬಿಡಬಾರದು. ಸೂಜಿ ದಾರ, ರಬ್ಬರ್ ಬ್ಯಾಂಡ್, ಹೂಮಾಲೆಯ ದಾರಕ್ಕೂ ಇದೇ ನಿಯಮ.

ಎರಡನೆಯದು ನೀರು. ನಲ್ಲಿ ನೀರು ದಿನಾ ಬರದ ಊರಿನಲ್ಲಿ ಪ್ರತಿ ಮನೆಯಲ್ಲೂ ಡ್ರಮ್ಮು, ತೊಟ್ಟಿ, ಸಂಪು ಇರುತ್ತವೆ. ಮರಿ ನೀರು ಕುಡಿಯಲು ಅಂಚಿಗೆ ಹತ್ತಿ ಜಾರಿದರೆ ಪ್ಲಾಸ್ಟಿಕ್ ಗೋಡೆ ಹಿಡಿದು ಮೇಲೆ ಬರಲಾರದು. ಎಲ್ಲದಕ್ಕೂ ಮುಚ್ಚಳ ಹಾಕಿ. ಬಚ್ಚಲಿನಲ್ಲಿ ಅರ್ಧ ತುಂಬಿದ ಬಕೆಟ್ಟೂ ಬಿಡಬೇಡಿ.

ಔಷಧಿ ವಿಷಯಕ್ಕೆ ಬಂದರೆ, ಜ್ವರ ಬಂದಿದೆ ಅಂತ ಪ್ಯಾರಾಸಿಟಮಾಲ್ ಕೊಡಬೇಡಿ. ಮಕ್ಕಳ ಸಿರಪ್ ಕೂಡ ಬೇಡ. ಒಂದು ಮಾತ್ರೆ ಬೆಳೆದ ಬೆಕ್ಕನ್ನೇ ಕೊಲ್ಲಬಲ್ಲದು. ನಾಯಿಯ ಉಣ್ಣಿಗೆ ಹಾಕುವ ಪರ್ಮೆಥ್ರಿನ್ ಇರುವ ಔಷಧಿಯೂ ಬೆಕ್ಕಿಗೆ ವಿಷ. ಮೂಗು ಕಟ್ಟಿದೆ ಅಂತ ಕರ್ಪೂರ, ಪುದೀನ ಸತ್ವದ ಬಾಮ್ ಹಚ್ಚಬೇಡಿ. ಟ್ರಂಕಿನಲ್ಲಿಡುವ ಡಾಂಬರ್ ಗುಳಿಗೆ, ನೆಲ ಒರೆಸುವ ಫಿನಾಯಿಲ್, ಇಲಿ ಪಾಷಾಣ ಮರಿ ಓಡಾಡುವ ಜಾಗದಲ್ಲಿ ಇರಬಾರದು. ಫಿನಾಯಿಲ್ ಹಾಕಿದ ನೆಲದಲ್ಲಿ ನಡೆದು ಕಾಲು ನೆಕ್ಕಿಕೊಂಡರೂ ಸಾಕು. ಮರಿ ಇರುವಷ್ಟು ದಿನ ಸೋಪಿನ ನೀರಿನಲ್ಲಿ ಒರೆಸಿ, ಆಮೇಲೆ ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ.

ಬೈಕು, ಕಾರು ತೆಗೆಯುವ ಮುಂಚೆ ಒಮ್ಮೆ ಕೆಳಗೆ ಬಗ್ಗಿ ನೋಡಿ, ಬಾನೆಟ್ ತಟ್ಟಿ. ನೆರಳಿಗೋ ಬಿಸಿಗೋ ಮರಿ ಅಲ್ಲೇ ಮಲಗಿರುತ್ತದೆ.

ಬೇಸಿಗೆ

ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಬಿಸಿಲು 40 ಡಿಗ್ರಿ ಹತ್ತಿರ ಬರುತ್ತದೆ, ಮೇ ತಿಂಗಳಲ್ಲಿ ಅದನ್ನು ದಾಟುತ್ತದೆ. ಮರಿ ಇರುವ ಜಾಗ ತಗಡಿನ ಶೀಟಿನ ಕೆಳಗೆ ಇರಬಾರದು. ಮಾಳಿಗೆ ಮನೆಯ ಒಳಕೋಣೆ, ಬಂಡೆ ಹಾಸಿದ ನೆಲ ಬಹಳ ಒಳ್ಳೆಯದು. ಗೋಣಿಚೀಲ ನೆನೆಸಿ ಹಿಂಡಿ ಕಿಟಕಿಗೆ ಕಟ್ಟಿದರೆ ಒಳಗೆ ಬರುವ ಗಾಳಿ ತಂಪಾಗುತ್ತದೆ. ಕೂಲರ್ ಇದ್ದರೆ ಕೋಣೆ ತಂಪಾಗಲಿ, ಗಾಳಿ ನೇರವಾಗಿ ಪೆಟ್ಟಿಗೆಗೆ ಹೊಡೆಯಬಾರದು. ಮಣ್ಣಿನ ಅಗಲ ಬಟ್ಟಲಿನಲ್ಲಿ ನೀರು ಇಡಿ, ಎರಡು ಮೂರು ಕಡೆ ಇಡಿ. ಸ್ಟೀಲ್ ತಟ್ಟೆಯ ನೀರು ಬೇಗ ಬಿಸಿಯಾಗುತ್ತದೆ. ಹಸಿ ಆಹಾರ ಅರ್ಧ ಗಂಟೆಗಿಂತ ಹೆಚ್ಚು ಹೊರಗಿಡಬೇಡಿ, ಹುಳಿಯುತ್ತದೆ.

ಬೆಕ್ಕು ನಾಯಿಯ ಹಾಗೆ ನಾಲಿಗೆ ಚಾಚಿ ಉಸಿರಾಡುವ ಪ್ರಾಣಿಯಲ್ಲ. ಮರಿ ಬಾಯಿ ತೆರೆದು ಏದುಸಿರು ಬಿಡುತ್ತಾ, ಜೊಲ್ಲು ಸುರಿಸುತ್ತಾ ಬಿದ್ದುಕೊಂಡಿದ್ದರೆ ಬಿಸಿಲ ಹೊಡೆತ ಬಿದ್ದಿದೆ. ನೆರಳಿಗೆ ತನ್ನಿ, ಸಾದಾ ನೀರಿನಲ್ಲಿ ಬಟ್ಟೆ ಅದ್ದಿ ಹೊಟ್ಟೆ, ಪಾದ, ಕಿವಿಗೆ ಸವರಿ, ಫ್ಯಾನ್ ಹಾಕಿ. ಐಸ್ ನೀರು ಸುರಿಯಬೇಡಿ. ಹಾಗೇ ಸವರುತ್ತಾ ಡಾಕ್ಟರ್ ಕಡೆ ಹೊರಡಿ.

ಮರಳಿನ ತಟ್ಟೆ

ಇದು ಎಲ್ಲಕ್ಕಿಂತ ಸುಲಭದ ಕೆಲಸ. ಮಣ್ಣು ಕಂಡರೆ ತೋಡಿ ಮುಚ್ಚುವುದು ಬೆಕ್ಕಿನ ಹುಟ್ಟುಗುಣ. ಗಾರೆ ಕೆಲಸದ ಹಳೆ ಬಾಂಡ್ಲಿ ಅಥವಾ ತಗ್ಗು ಅಂಚಿನ ಪ್ಲಾಸ್ಟಿಕ್ ಟಬ್ ಸಾಕು. ಜರಡಿ ಹಿಡಿದ ಮರಳು ಎರಡು ಮೂರು ಬೆರಳಷ್ಟು ಹಾಕಿ. ಭತ್ತದ ಹೊಟ್ಟು ಅಗ್ಗಕ್ಕೆ ಸಿಗುತ್ತದೆ, ಆದರೆ ಒಂದನ್ನೇ ಹಾಕಿದರೆ ಹಾರಿ ಮನೆಯೆಲ್ಲಾ ಹರಡುತ್ತದೆ. ಮರಳಿನ ಜೊತೆ ಬೆರೆಸಿ. ಒದ್ದೆಯಾದರೆ ಗಟ್ಟಿ ಉಂಡೆ ಕಟ್ಟುವ ಅಂಗಡಿಯ ಲಿಟರ್ ಚಿಕ್ಕ ಮರಿಗೆ ಬೇಡ. ಅದು ಏನು ಸಿಕ್ಕರೂ ಬಾಯಿಗೆ ಹಾಕುವ ವಯಸ್ಸು, ಹೊಟ್ಟೆಯಲ್ಲೂ ಉಂಡೆ ಕಟ್ಟುತ್ತದೆ.

ಊಟವಾದ ಕೂಡಲೇ, ನಿದ್ದೆಯಿಂದ ಎದ್ದ ಕೂಡಲೇ ಮರಿಯನ್ನು ತಟ್ಟೆಯಲ್ಲಿ ಕೂರಿಸಿ. ತಟ್ಟೆ ಊಟದ ಜಾಗದಿಂದ ದೂರ ಇರಲಿ. ಬೇರೆ ಕಡೆ ಮಾಡಿಕೊಂಡರೆ ಹೊಡೆಯಬೇಡಿ, ಮೂಗು ಅದಕ್ಕೆ ತಿಕ್ಕಬೇಡಿ. ಅದರಿಂದ ಅದು ಕಲಿಯುವುದು ನಿಮ್ಮ ಕೈಗೆ ಹೆದರುವುದನ್ನು ಮಾತ್ರ.

ಚಿಗಟ, ಜಂತು, ಕಣ್ಣಿನ ಪಿಸುರು

ಬೀದಿಯ ಮರಿಯ ಮೈಯಲ್ಲಿ ಚಿಗಟ ಇದ್ದೇ ಇರುತ್ತದೆ ಅಂದುಕೊಳ್ಳಿ. ಬರೀ ಕೆರೆತದ ಮಾತಲ್ಲ ಇದು. ಚಿಗಟ ಜಾಸ್ತಿಯಾದರೆ ಪುಟ್ಟ ಮರಿಯ ರಕ್ತವೇ ಬರಿದಾಗುತ್ತದೆ. ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬಿಳಚಿಕೊಂಡಿದ್ದರೆ ಅದೇ ದಿನ ಡಾಕ್ಟರ್ ನೋಡಬೇಕು. 8 ವಾರದೊಳಗಿನ ಮರಿಗೆ ಚಿಗಟದ ಔಷಧಿ ನೀವೇ ಹಾಕಬೇಡಿ. ಸೀಮೆಎಣ್ಣೆ, ಡಿಡಿಟಿ ಪುಡಿಯ ಸಲಹೆ ಕೊಡುವವರು ಈಗಲೂ ಇದ್ದಾರೆ, ಕೇಳಬೇಡಿ. ಹೇನಿನ ಬಾಚಣಿಗೆಯಲ್ಲಿ ಬಾಚಿ, ಸಿಕ್ಕ ಚಿಗಟವನ್ನು ಸೋಪಿನ ನೀರಿಗೆ ಹಾಕಿ. ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರಡಿ. ನಮ್ಮೂರ ಬಿಸಿಲು ಇಲ್ಲಿ ಉಪಕಾರಿ. ಮರಿ ಗಟ್ಟಿಯಾಗಿದ್ದು, ಹೊಲಸು ಬಹಳ ಅಂಟಿದ್ದರೆ ಮಾತ್ರ ಮಧ್ಯಾಹ್ನ ಬೆಚ್ಚನೆ ನೀರಿನಲ್ಲಿ ಕುತ್ತಿಗೆಯ ಕೆಳಗೆ ತೊಳೆದು, ತಕ್ಷಣ ಪೂರ್ತಿ ಒರೆಸಿ ಒಣಗಿಸಿ.

ಮೈ ಬಡಕಲು, ಹೊಟ್ಟೆ ಮಾತ್ರ ಗುಡಾಣ ಆಗಿದ್ದರೆ ಜಂತುಹುಳು ಇದೆ. ಮಲದಲ್ಲಿ ಅಕ್ಕಿಕಾಳಿನಂಥ ತುಣುಕು ಕಂಡರೆ ಅದು ಚಿಗಟದಿಂದ ಬರುವ ಲಾಡಿಹುಳು. ಜಂತಿನ ಔಷಧಿಯನ್ನು 2 ವಾರದ ಮರಿಗೂ ಕೊಡಬಹುದು. ಆದರೆ ಪ್ರಮಾಣ ತೂಕದ ಮೇಲೆ ಹೋಗುತ್ತದೆ, ಡಾಕ್ಟರೇ ಹೇಳಬೇಕು. ಎರಡು ವಾರಕ್ಕೊಮ್ಮೆ 8 ವಾರದ ತನಕ, ಆಮೇಲೆ ತಿಂಗಳಿಗೊಮ್ಮೆ 6 ತಿಂಗಳ ತನಕ ಕೊಡುವುದು ರೂಢಿ.

ಕಣ್ಣಿಗೆ ಪಿಸುರು ಕಟ್ಟಿ ಅಂಟಿಕೊಂಡಿದ್ದರೆ ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ನೆನೆಸಿ ಒತ್ತಿ, ಮೆತ್ತಗಾದ ಮೇಲೆ ಮೂಗಿನ ಕಡೆಯಿಂದ ಹೊರಗೆ ಒರೆಸಿ. ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ. ಮನೆಯಲ್ಲಿ ಉಳಿದ ಕಣ್ಣಿನ ಹನಿ ಹಾಕಬೇಡಿ, ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಸೀನು, ಮೂಗು ಸೋರುವುದು ಜೊತೆಗಿದ್ದರೆ ಅದು ಬೆಕ್ಕಿನ ಶೀತಜ್ವರ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಹತ್ತುವುದಿಲ್ಲ, ವಾಸನೆ ಹತ್ತದಿದ್ದರೆ ತಿನ್ನುವುದಿಲ್ಲ. ಊಟವನ್ನು ಸ್ವಲ್ಪ ಬೆಚ್ಚಗೆ ಮಾಡಿ ಕೊಡಿ.

ಡಾಕ್ಟರ್ ಮತ್ತು ಲಸಿಕೆ

ತಂದ ಒಂದೆರಡು ದಿನದಲ್ಲೇ ಒಮ್ಮೆ ತೋರಿಸಿ. ಜಿಲ್ಲಾ ಕೇಂದ್ರದಲ್ಲಿ ಪಶುಪಾಲನಾ ಇಲಾಖೆಯ ಆಸ್ಪತ್ರೆ ಇದೆ. ದನ, ಎಮ್ಮೆಯ ಆಸ್ಪತ್ರೆ ಅಂತ ಸಂಕೋಚ ಬೇಡ, ಬೆಕ್ಕನ್ನೂ ನೋಡುತ್ತಾರೆ. ಬೆಳಿಗ್ಗೆ ಬೇಗ ಹೋಗಿ. ಬಿಸಿಲೂ ಇರುವುದಿಲ್ಲ, ನಾಯಿಗಳ ಸಾಲೂ ಚಿಕ್ಕದಿರುತ್ತದೆ. ಗಾಳಿಯಾಡುವ ಮುಚ್ಚಳದ ಬುಟ್ಟಿಯಲ್ಲಿ ಒಯ್ಯಿರಿ. ತೆರೆದ ಕೈಚೀಲದಿಂದ ಮರಿ ಹಾರಿ ರಸ್ತೆಗೆ ಬೀಳುತ್ತದೆ.

6ರಿಂದ 8 ವಾರಕ್ಕೆ ಮೊದಲ ಲಸಿಕೆ. ಮೂರು ರೋಗಗಳನ್ನು ತಡೆಯುವ ಇದನ್ನು ಟ್ರೈಕ್ಯಾಟ್ ಅಂತ ಕರೆಯುತ್ತಾರೆ. 3–4 ವಾರದ ಅಂತರದಲ್ಲಿ 16 ವಾರದ ತನಕ ಮತ್ತೆ ಕೊಡಿಸಬೇಕು. 12 ವಾರಕ್ಕೆ ರೇಬೀಸ್ ಲಸಿಕೆ, ವರ್ಷದ ಮೇಲೆ ಮತ್ತೊಂದು. ದಿನಾಂಕ ಬರೆದ ಕಾರ್ಡು ಜೋಪಾನವಾಗಿಡಿ.

ಈ ಮೂರರಲ್ಲಿ ಪ್ಯಾನ್‌ಲ್ಯೂಕೋಪೀನಿಯಾ ಅನ್ನುವುದು ಬಹಳ ಕ್ರೂರ. ವಾಂತಿ, ಭೇದಿ, ಜ್ವರ. ಮರಿ ನೀರಿನ ಬಟ್ಟಲಿನ ಮುಂದೆ ತಲೆ ತಗ್ಗಿಸಿ ಕೂರುತ್ತದೆ, ಕುಡಿಯುವುದಿಲ್ಲ. ಗಂಟೆಗಳ ಲೆಕ್ಕದಲ್ಲಿ ಕೈಮೀರುತ್ತದೆ. ಇದರ ವೈರಸ್ ನೆಲ, ಬಟ್ಟೆ, ತಟ್ಟೆಯಲ್ಲಿ ಒಂದು ವರ್ಷದ ತನಕ ಬದುಕಬಲ್ಲದು. ನಿಮ್ಮ ಮನೆಯಲ್ಲಿ ಈಚೆಗೆ ಬೆಕ್ಕು ಹೀಗೆ ಸತ್ತಿದ್ದರೆ ಲಸಿಕೆ ಆಗದ ಹೊಸ ಮರಿಯನ್ನು ಅಲ್ಲಿಗೆ ತರಬೇಡಿ. ಮನೆಯಲ್ಲಿ ಮೊದಲೇ ಬೆಕ್ಕು ಇದ್ದರೆ ಹೊಸ ಮರಿಯನ್ನು ಎರಡು ವಾರ ಬೇರೆ ಕೋಣೆಯಲ್ಲೇ ಇಡಿ. ಎರಡಕ್ಕೂ ಬೇರೆ ತಟ್ಟೆ, ಬೇರೆ ಮರಳು.

ಪರಚಿದರೆ, ಕಚ್ಚಿದರೆ

ಮರಿ ಎಷ್ಟೇ ಪುಟ್ಟದಿರಲಿ, ಬೀದಿಯದು ಅಂದಮೇಲೆ ರೇಬೀಸ್ ಭಯ ಬಿಡುವ ಹಾಗಿಲ್ಲ. ರೋಗ ಶುರುವಾದರೆ ಚಿಕಿತ್ಸೆ ಇಲ್ಲ, ಮುಂಚೆ ಲಸಿಕೆ ಹಾಕಿಸಿದರೆ ಭಯವೂ ಇಲ್ಲ. ಹಲ್ಲು, ಉಗುರು ತಾಗಿದ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲಸಿಕೆ ಉಚಿತ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಆಮೇಲೆ 3, 7, 28ನೇ ದಿನ ಹಾಕುತ್ತಾರೆ. ರಕ್ತ ಬಂದಿದ್ದರೆ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು, ಕೇಳಿ ಹಾಕಿಸಿಕೊಳ್ಳಿ. ಮರಿ ಹತ್ತು ದಿನ ಚೆನ್ನಾಗಿರುತ್ತದಾ ನೋಡೋಣ ಅಂತ ಮೊದಲ ಡೋಸ್ ಮುಂದೂಡಬೇಡಿ. ಮಕ್ಕಳಿಗೆ ಒಂದು ಮಾತು ಹೇಳಿಕೊಡಿ: ಬೆಕ್ಕು ಪರಚಿದರೆ ಬೈಯುವುದಿಲ್ಲ, ಬಂದು ಹೇಳಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ಗಾಯವೇ ಅಪಾಯ.

ಮನೆಯಲ್ಲಿ ಬಸುರಿ ಇದ್ದರೆ ಬೆಕ್ಕನ್ನು ಓಡಿಸಿ ಅಂತ ಹಿರಿಯರು ಹಟ ಹಿಡಿಯುತ್ತಾರೆ. ಅವರ ಆತಂಕಕ್ಕೆ ಕಾರಣ ಇದೆ, ಪರಿಹಾರವೂ ಇದೆ. ಟಾಕ್ಸೊಪ್ಲಾಸ್ಮಾ ಅನ್ನುವ ಸೋಂಕು ಬೆಕ್ಕಿನ ಮಲದಿಂದ ಬರಬಹುದು. ಮಲ ಬಿದ್ದ ಒಂದು ದಿನವಾದರೂ ಕಳೆದ ಮೇಲೆಯೇ ಅದು ಹರಡುವ ಸ್ಥಿತಿಗೆ ಬರುತ್ತದೆ. ಹಾಗಾಗಿ ಮರಳಿನ ತಟ್ಟೆಯನ್ನು ದಿನಾ ತೆಗೆಯಬೇಕು, ಬಸುರಿ ಅದನ್ನು ಮುಟ್ಟಬಾರದು, ಬೇರೆಯವರು ತೆಗೆಯಬೇಕು. ಬೆಕ್ಕಿಗೆ ಹಸಿ ಮಾಂಸ ಬೇಡ. ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಉಬ್ಬಸ ಬರುತ್ತದೆ ಅನ್ನುವುದು ಸರಿಯಲ್ಲ. ಅಲರ್ಜಿ ಬರುವುದು ಬೆಕ್ಕಿನ ಜೊಲ್ಲು, ಚರ್ಮದ ಪುಡಿಯಿಂದ. ಮನೆಯಲ್ಲಿ ಉಬ್ಬಸದವರಿದ್ದರೆ ಅವರ ಮಲಗುವ ಕೋಣೆಗೆ ಮರಿಯನ್ನು ಬಿಡಬೇಡಿ. ಮರಿಯ ಮೈಮೇಲೆ ಕೂದಲು ಉದುರಿದ ದುಂಡು ಕಲೆ ಕಂಡರೆ ಅದು ಹುಳುಕಡ್ಡಿ, ಮನುಷ್ಯರಿಗೂ ಅಂಟುತ್ತದೆ.

ಸಲುಗೆ, ಆಟ, ಆಪರೇಷನ್

ಮನುಷ್ಯರನ್ನು ನಂಬಲು ಮರಿ ಕಲಿಯುವುದು ಹೆಚ್ಚಾಗಿ 2ರಿಂದ 7ನೇ ವಾರದೊಳಗೆ. ಅದು ದಾಟಿದ ಮರಿ ಬುಸುಗುಟ್ಟುತ್ತದೆ. ಹಿಡಿಯಲು ಹೋಗಬೇಡಿ. ಅದೇ ಕೋಣೆಯಲ್ಲಿ ನೆಲದ ಮೇಲೆ ಕುಳಿತು ನಿಮ್ಮ ಕೆಲಸ ಮಾಡಿಕೊಳ್ಳಿ, ಊಟದ ತಟ್ಟೆಯನ್ನು ದಿನಕ್ಕಿಷ್ಟು ಹತ್ತಿರ ಸರಿಸಿ. ಕೈಬೆರಳು ಆಡಿಸಿ ಕಚ್ಚಿಸಿಕೊಳ್ಳುವ ಆಟ ಮಾತ್ರ ಬೇಡ. ದೊಡ್ಡದಾದ ಮೇಲೂ ಕೈ ಕಂಡರೆ ಕಚ್ಚುತ್ತದೆ. ಕಾಗದದ ಉಂಡೆ, ಖಾಲಿ ರಟ್ಟಿನ ಡಬ್ಬಿ ಕೊಡಿ. ಉಗುರು ಕೆರೆಯಲು ಮರದ ತುಂಡಿಗೆ ಗೋಣಿಚೀಲ ಬಿಗಿಯಾಗಿ ಸುತ್ತಿ ನಿಲ್ಲಿಸಿದರೆ ಸೋಫಾ ಉಳಿಯುತ್ತದೆ.

ಹೆಣ್ಣುಮರಿ 4–5 ತಿಂಗಳಿಗೇ ಗಬ್ಬವಾಗಬಹುದು. ಸುಮಾರು 9 ವಾರಕ್ಕೆ ಮರಿ ಹಾಕುತ್ತದೆ. ಒಂದು ಸಲವಾದರೂ ಮರಿ ಹಾಕಲಿ ಅನ್ನುವುದರಿಂದ ಅದರ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಓಣಿಯಲ್ಲಿ ಇನ್ನೂ ನಾಲ್ಕು ಮರಿ ಬಿಸಿಲಿಗೆ ಬೀಳುತ್ತವೆ. 4ರಿಂದ 6 ತಿಂಗಳೊಳಗೆ ಸಂತಾನಹರಣ ಆಪರೇಷನ್ ಮಾಡಿಸಿ. ಗಂಡಿಗೂ ಮಾಡಿಸಿ. ಜಗಳ, ಅಲೆದಾಟ, ಗೋಡೆಗೆ ಮೂತ್ರ ಸಿಂಪಡಿಸುವುದು ಬಹಳ ಕಡಿಮೆಯಾಗುತ್ತದೆ. ಆಪರೇಷನ್ ಆದ ಮೇಲೆ ಹೊಲಿಗೆ ನೆಕ್ಕದ ಹಾಗೆ ನೋಡಿಕೊಳ್ಳಿ, ಹತ್ತು ದಿನ ಒಳಗೇ ಇರಲಿ.

ಸಾಕಲು ಆಗುತ್ತಿಲ್ಲ ಅನ್ನಿಸಿದರೆ ಮಾರ್ಕೆಟ್ಟಿನಲ್ಲೋ ಗುಡಿಯ ಹತ್ತಿರವೋ ಬಿಟ್ಟು ಬರಬೇಡಿ. ಸಾಕುಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಲಸಿಕೆ, ಆಪರೇಷನ್ ಮುಗಿಸಿ, ಕಾರ್ಡಿನ ಸಮೇತ ಗೊತ್ತಿರುವ ಮನೆಗೆ ಕೊಡಿ. ಅಂಥ ಬೆಕ್ಕನ್ನು ತೆಗೆದುಕೊಳ್ಳಲು ಜನ ಮುಂದೆ ಬರುತ್ತಾರೆ.

ಹೊರಗೆ ಬಿಡಲೇಬೇಕಾದ ಮನೆಯಾದರೆ ರೇಬೀಸ್ ಲಸಿಕೆ, ಆಪರೇಷನ್ ಎರಡೂ ಆಗುವ ತನಕ ತಡೆಯಿರಿ. ಮೊದಲ ಸಲ ಸಂಜೆ ಊಟಕ್ಕೆ ಸ್ವಲ್ಪ ಮುಂಚೆ, ಹಸಿವಿದ್ದಾಗ ಬಿಡಿ. ನೀವೂ ಜೊತೆಗಿರಿ. ಆಹಾರದ ಡಬ್ಬಿ ಅಲ್ಲಾಡಿಸಿ ಹೆಸರು ಕರೆದರೆ ಬರುವ ಅಭ್ಯಾಸವನ್ನು ಅದಕ್ಕೂ ಮುಂಚೆ ಮನೆಯೊಳಗೇ ಮಾಡಿಸಿರಬೇಕು. ಕತ್ತಲಾಗುವ ಮೊದಲು ಒಳಗೆ ಸೇರಿಸಿ ಬಾಗಿಲು ಹಾಕಿ.